ಕನ್ಯಾಕಾ ಪಾಳುಮನೆ: ಚಾವಣಿ ಹಾಕದೆ ಹೀಗೇ ಬಿಟ್ಟಿರೋದು ಸರೀನಾ?

ಬಯಲುಸೀಮೆ

ಅಪ್ಪ ಅಮ್ಮ ಮೂರು ತಿಂಗಳಿಗೆ ಅಂತ ಅಡಿಲೇಡ್‌ಗೆ ಬಂದಿದ್ದಾರೆ. ಹೋದ ವಾರ ಅವರನ್ನು ಕರ್ಕೊಂಡು ಫ್ಲಿಂಡರ್ಸ್ ಬೆಟ್ಟಗಳ ಕಡೆ ಹೋಗಿದ್ದೆವು. ಕ್ವಾರ್ನ್ ದಾಟಿ ಹಾಕರ್ ದಾರಿಯಲ್ಲಿ ಸುಮಾರು 40 ಕಿ.ಮೀ. ಹೋದರೆ "ಕನ್ಯಾಕಾ" ಅಂತ ಬೋರ್ಡ್ ಸಿಗುತ್ತದೆ. ಅಮ್ಮ ಅದನ್ನು ಓದಿಸಿಕೊಂಡು "ಇಲ್ಲೂ ಕನ್ಯಕಾ ಪರಮೇಶ್ವರಿ ಗುಡಿ ಇದೆಯೇನೇ?" ಅಂದರು. ಶೆಟ್ಟರು ಇಲ್ಲಿವರೆಗೂ ಬಂದುಬಿಟ್ಟರಾ ಅಂತ ಕಾರಲ್ಲಿ ಎಲ್ಲರೂ ನಕ್ಕಿದ್ದೇ ನಕ್ಕಿದ್ದು.

ಗುಡಿ ಅಲ್ಲ. 1852ರಲ್ಲಿ ಶುರುವಾದ ಒಂದು ದೊಡ್ಡ ದನ-ಕುರಿ ಎಸ್ಟೇಟಿನ ಮನೆ. ಈಗ ಗೋಡೆ ಮಾತ್ರ ಇದೆ. ಚಾವಣಿ ಇಲ್ಲ, ಬಾಗಿಲಿಲ್ಲ, ನೆಲದ ತುಂಬ ಒಣಹುಲ್ಲು. ಟಿಕೆಟ್ ಇಲ್ಲ, ಕಾವಲಿನವರಿಲ್ಲ. ಒಂದೆರಡು ಫಲಕ ಬಿಟ್ಟರೆ ಏನೂ ಇಲ್ಲ.

ನಾನು ಫೋಟೋ ತೆಗೀತಾ ಇದ್ದೆ. ಅಪ್ಪ ಸೀದಾ ಗೋಡೆ ಹತ್ತಿರ ಹೋದರು. ಎರಡು ಕಲ್ಲಿನ ಸಂದಿಗೆ ಬೆರಳು ಹಾಕಿ ಒಂದು ಚೂರು ಮಣ್ಣು ಕೆರೆದು ಅಂಗೈಯಲ್ಲಿ ಉಜ್ಜಿ ನೋಡಿದರು. "ಮಣ್ಣಲ್ಲೇ ಕಟ್ಟಿದಾರೆ. ನಮ್ಮನೆ ಹಾಗೇನೇ" ಅಂದರು. ಆಮೇಲೆ ಒಂದೊಂದೇ ಕೋಣೆ ಹೊಕ್ಕು ಇದು ಅಡುಗೆಮನೆ, ಇದು ಉಗ್ರಾಣ ಅಂತ ತಾವೇ ಹೇಳುತ್ತಾ ಹೋದರು. ಫಲಕ ಓದೋಕೆ ಅವರಿಗೆ ಇಂಗ್ಲಿಷ್ ಬರಲ್ಲ. ಕೊನೆಗೆ ಹೊರಗೆ ಬಂದು ಕೇಳಿದ್ದು ಇಷ್ಟು: "ಇಷ್ಟು ಗಟ್ಟಿ ಗೋಡೆ ನಿಂತಿದೆ. ಮೇಲೊಂದು ಚಾವಣಿ ಹಾಕಿದ್ರೆ ಆಗ್ತಿತ್ತು. ಸರ್ಕಾರ ಯಾಕೆ ಸುಮ್ನೆ ಬಿಟ್ಟಿದೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮಗೆ ಗೊತ್ತಾ?

ಕಾಫಿ_ಡಿಕಾಕ್ಷನ್

ಅಪ್ಪ ಹೇಳಿದ್ದೇ ಸರಿ. ನಾನೂ ಎರಡು ಸಲ ಹೋಗಿದ್ದೀನಿ. 40 ಡಿಗ್ರಿ ಬಿಸಿಲಲ್ಲಿ ನಿಲ್ಲೋಕೆ ಅಲ್ಲಿ ನೆರಳೇ ಇಲ್ಲ. ಒಂದು ಕೋಣೆಗಾದರೂ ತಗಡು ಹಾಕಿ, ಹಳೇ ಮಂಚ ಕುರ್ಚಿ ಇಟ್ಟು ತೋರಿಸಿದ್ದರೆ ಮಕ್ಕಳಿಗೆ ಏನಾದರೂ ಅರ್ಥ ಆಗುತ್ತಿತ್ತು. ನನ್ನ ಮಗ "ಇದರಲ್ಲಿ ನೋಡೋದೇನಿದೆ ಅಪ್ಪಾ" ಅಂದ. ಹೇಳಲು ನನಗೂ ಏನೂ ತೋಚಲಿಲ್ಲ.

ಟಾರ್_ರೋಡ್

ಮಗನನ್ನು ಚಳಿಗಾಲದಲ್ಲಿ ಕರ್ಕೊಂಡು ಹೋಗಿ ಸಾರ್. ಜನವರಿ ಅಂದರೆ ಇಲ್ಲಿ ಬೇಸಿಗೆ, ಆಗ ಅಲ್ಲಿ ಯಾರು ಹೋಗ್ತಾರೆ?

@ಬಯಲುಸೀಮೆ, ಮನೆ ಒಂದನ್ನೇ ನೋಡಿ ವಾಪಸ್ ಬಂದಿರಾ? ಹಳ್ಳದ ದಂಡೆ ಹಿಡಿದು ನಡೆದರೆ ಉಣ್ಣೆ ಕತ್ತರಿಸುತ್ತಿದ್ದ ದೊಡ್ಡ ಕಟ್ಟಡದ ಗೋಡೆಗಳಿವೆ, ಸಣ್ಣ ಸ್ಮಶಾನ ಇದೆ. ಇನ್ನೂ ಮುಂದೆ ಹೋದರೆ ನೀರಿನ ಮಡು, ಅದರ ಪಕ್ಕ ದೊಡ್ಡ ಬಂಡೆ. ಜಾಸ್ತಿ ಜನ ಕಾರು ನಿಲ್ಲಿಸಿ ಮನೆ ಮುಂದೆ ಸೆಲ್ಫಿ ತೆಗೆದು ಹೋಗಿಬಿಡುತ್ತಾರೆ. ಅಸಲು ವಿಷಯ ಆ ಮಡು. ಅದು ಇಲ್ಲದಿದ್ದರೆ ಅಲ್ಲಿ ಮನೆಯೇ ಬರುತ್ತಿರಲಿಲ್ಲ.

ಬಯಲುಸೀಮೆ

ಇಲ್ಲ ಸಾರ್, ಅಮ್ಮನಿಗೆ ಮಂಡಿನೋವು, ಅಷ್ಟು ದೂರ ಹೋಗಲಿಲ್ಲ. ಆದರೆ ಅಪ್ಪ ಹಳ್ಳ ನೋಡಿದ ಕೂಡಲೇ "ನೀರು ನೋಡ್ಕೊಂಡೇ ಮನೆ ಕಟ್ಟಿದಾರೆ" ಅಂದಿದ್ದರು. ಹಳ್ಳ ಒಣಗಿತ್ತು. ಮರಳು, ಅದರಲ್ಲಿ ದಪ್ಪ ದಪ್ಪ ಬುಡದ ನೀಲಗಿರಿ ಜಾತಿಯ ಮರಗಳು. ಅಂಥ ಮರ ಇದ್ದ ಮೇಲೆ ಕೆಳಗೆ ನೀರಿರಲೇಬೇಕು ಅಂತ ಅವರ ಲೆಕ್ಕ.

ನೆನಪಿನ_ಓಲೆ

ಈ ಮನೆ ಕಥೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಬೇಜಾರಾದರೆ ದಾಟಿ ಮುಂದೆ ಹೋಗಿ.

ಜಾಗ ಹಿಡಿದವನು ಹ್ಯೂ ಪ್ರೋಬಿ. ಇಂಗ್ಲಿಷ್ ನೌಕಾಪಡೆಯ ಒಬ್ಬ ಅಡ್ಮಿರಲ್‌ನ ಮೂರನೇ ಮಗ. ಆ ಅಡ್ಮಿರಲ್ ಐರ್ಲೆಂಡಿನ ಕ್ಯಾರಿಸ್‌ಫರ್ಟ್ ಅರ್ಲ್ ಕೂಡ. ಆ ಕಾಲದ ದೊಡ್ಡ ಮನೆಗಳಲ್ಲಿ ಆಸ್ತಿ ಹಿರಿಯನಿಗೆ ಹೋಗುತ್ತಿತ್ತು, ಮೂರನೆಯವನು ಎಲ್ಲಾದರೂ ದಾರಿ ನೋಡಿಕೊಳ್ಳಬೇಕು. ಈತ 1851ರಲ್ಲಿ ಹಡಗು ಹತ್ತಿ ಇಲ್ಲಿಗೆ ಬಂದ. ಅದೇ ವರ್ಷ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಮೇವಿನ ಭೂಮಿಯನ್ನು 14 ವರ್ಷದ ಗುತ್ತಿಗೆಗೆ ಕೊಡೋದು ಶುರುವಾಗಿತ್ತು. 1852ರ ಫೆಬ್ರವರಿಯಲ್ಲಿ ಕನ್ಯಾಕಾದಲ್ಲಿ ದನ ಬಿಟ್ಟ. ಆರು ತಿಂಗಳು ಕಳೆದಿತ್ತು ಅಷ್ಟೇ. ಆಗಸ್ಟ್ 30ಕ್ಕೆ ವಿಲೊಕ್ರಾ ಹಳ್ಳಕ್ಕೆ ದಿಢೀರ್ ನೀರು ಬಂತು. ದಾಟಲು ಹೋದವನು ಕೊಚ್ಚಿಕೊಂಡು ಹೋದ. ವಯಸ್ಸು ಇಪ್ಪತ್ತು ಚಿಲ್ಲರೆ. ಆರು ವರ್ಷದ ಮೇಲೆ ಅವನ ಒಡಹುಟ್ಟಿದವರು ಗ್ರಾನೈಟ್ ಚಪ್ಪಡಿಯೊಂದನ್ನು ಕೆತ್ತಿಸಿ ಹಡಗಿನಲ್ಲಿ ಕಳಿಸಿದರು. ಸಮಾಧಿ ಮೇಲೆ ಅದನ್ನು ಹಾಸಿದ್ದಾರೆ. ಬರಪೀಡಿತ ಜಾಗದಲ್ಲಿ ಎಸ್ಟೇಟ್ ಹೂಡಿದವನು ಸತ್ತಿದ್ದು ಪ್ರವಾಹದಲ್ಲಿ!

ಅಂದರೆ ನಾವು ಇವತ್ತು ನೋಡೋ ಆ ಕಲ್ಲಿನ ಮನೆ ಸಾಲು ಅವನು ಅನುಭವಿಸಿದ್ದಲ್ಲ. ಆಮೇಲೆ ಬಂದ ಫಿಲಿಪ್ಸ್ ಕುಟುಂಬದ ಕಾಲದಲ್ಲಿ ಅದು ಬೆಳೆಯಿತು. ದನ ಹೋಗಿ ಕುರಿ ಬಂತು. ಪಟ್ಟಣ ದೂರ, ಹಾಗಾಗಿ ಎಲ್ಲ ಅಲ್ಲೇ ಆಗಬೇಕು. ಕೆಲಸದವರ ಮನೆ, ಕಮ್ಮಾರಸಾಲೆ, ಉಗ್ರಾಣ, ಕುದುರೆ ಲಾಯ. ಜೋರಿದ್ದಾಗ 70 ಕುಟುಂಬ ಅಲ್ಲಿದ್ದವು ಅಂತ ಲೆಕ್ಕ. ಯಜಮಾನ ಜಾನ್ ರ‍್ಯಾಂಡಲ್ ಫಿಲಿಪ್ಸ್ ಆ ಸೀಮೆಗೆಲ್ಲ ಒಬ್ಬನೇ ಮ್ಯಾಜಿಸ್ಟ್ರೇಟ್. ಅನ್ನ ಕೊಡುವವನೂ ಅವನೇ, ದಂಡ ಹಾಕುವವನೂ ಅವನೇ. ನಮ್ಮ ಕಡೆ ದೇಸಾಯರ ವಾಡೆ ನೋಡಿದವರಿಗೆ ಇದು ಹೊಸದೇನಲ್ಲ.

ಮರ ಸಾಲದ್ದಕ್ಕೆ ಕಲ್ಲಲ್ಲಿ ಕಟ್ಟಿದರು. ಅದಕ್ಕೇ ಇವತ್ತಿಗೂ ನಿಂತಿದೆ. ಕನ್ಯಾಕಾ ಅನ್ನೋದೂ ಅಲ್ಲಿನ ಮೂಲನಿವಾಸಿಗಳ ಮಾತು, "ಕಲ್ಲಿನ ಜಾಗ" ಅಂತ ಅರ್ಥ ಹೇಳುತ್ತಾರೆ.

ಆಮೇಲೆ 1864ರಿಂದ ಸಾಲು ಬರಗಾಲ. ಸಾವಿರ ಸಾವಿರ ಕುರಿ ಸತ್ತವು. ಅಲ್ಲಿಂದ ಆ ಮನೆ ಚೇತರಿಸಿಕೊಳ್ಳಲೇ ಇಲ್ಲ.

ಮೂಡಲಗಾಳಿ

ಬಂಡೆ ವಿಷಯ ಬಂತಲ್ಲ, ಒಂದು ಮಾತು. ಅದಕ್ಕೆ "ಸಾವಿನ ಬಂಡೆ" ಅಂತ ಇಂಗ್ಲಿಷಿನಲ್ಲಿ ಹೆಸರಿಟ್ಟಿದ್ದಾರೆ. ಸಾಯೋ ಹೊತ್ತಿಗೆ ಮೂಲನಿವಾಸಿಗಳನ್ನು ಅಲ್ಲಿಗೆ ಕರ್ಕೊಂಡು ಬರುತ್ತಿದ್ದರು ಅಂತ ಕಥೆ. ಪ್ರವಾಸಿಗಳಿಗೆ ಇಂಥ ಕಥೆ ಅಂದರೆ ಇಷ್ಟ. ನನಗೆ ಮಾತ್ರ ಅದರಲ್ಲಿ ಅರ್ಧ ನಂಬಿಕೆ.

ನಂಬಬೇಕಾದ ವಿಷಯ ಬೇರೆ ಇದೆ. ವರ್ಷವಿಡೀ ನೀರು ನಿಲ್ಲೋ ಮಡು ಆ ಸೀಮೆಯಲ್ಲಿ ಬೆರಳೆಣಿಕೆಯಷ್ಟು. ಅಂಥ ಮಡುವಿನ ಪಕ್ಕ ಸಾವಿರಾರು ಕುರಿ ತಂದು ಬಿಟ್ಟರೆ ಮೊದಲಿಂದ ಅದೇ ನೀರು ಕುಡಿಯುತ್ತಿದ್ದ ಜನ ಎಲ್ಲಿಗೆ ಹೋಗಬೇಕು? ಇಂಥ ಮನೆಗಳನ್ನು ಎಲ್ಲರೂ "ಮೊದಲು ಬಂದ ಸಾಹಸಿಗಳ ಮನೆ" ಅನ್ನುತ್ತಾರಲ್ಲ, ಮೊದಲು ಬಂದವರು ಇವರಲ್ಲ. ಇವರು ಮೊದಲು ಗೋಡೆ ಕಟ್ಟಿದವರು, ಅಷ್ಟೇ. ಅಲ್ಲಿಂದ ಉತ್ತರಕ್ಕಿರುವ ರಾಷ್ಟ್ರೀಯ ಉದ್ಯಾನಕ್ಕೆ 2016ರಲ್ಲಿ ಆ ಸೀಮೆಯ ಮೂಲನಿವಾಸಿಗಳಾದ ಅಡ್ನ್ಯಾಮತನ್ಹ ಜನರ ಮಾತಿನ "ಇಕಾರ" ಅನ್ನೋ ಹೆಸರು ಸೇರಿಸಿದರು. ಕೂಡುವ ಜಾಗ ಅಂತ ಅರ್ಥ.

ನೆನಪಿನ_ಓಲೆ

ಒಪ್ಪಿದೆ. ನಾನು ಕಥೆಯನ್ನು 1852ರಿಂದ ಶುರು ಮಾಡಿದ್ದೇ ತಪ್ಪು.

ಗಾರೆಮೇಸ್ತ್ರಿ

ಚಾವಣಿ ಪ್ರಶ್ನೆಗೆ ಬರುತ್ತೇನೆ. ಹಳೇ ಕಟ್ಟಡ ದುರಸ್ತಿಯೇ ನನ್ನ ಕೆಲಸ, ಇರೋದು ಮೆಲ್ಬರ್ನ್‌ನಲ್ಲಿ.

ಮೊದಲಿಗೆ, "ಸುಮ್ನೆ ಬಿಟ್ಟಿದಾರೆ" ಅನ್ನೋದು ಸರಿಯಲ್ಲ. ಪಾಳು ಗೋಡೆಯನ್ನು ಪಾಳು ಗೋಡೆಯಾಗಿಯೇ ನಿಲ್ಲಿಸೋದಕ್ಕೆ ಕೆಲಸ ಜಾಸ್ತಿ. ಚಾವಣಿ ಇರೋ ಮನೆಗೆ ನೀರು ಒಂದೇ ಕಡೆಯಿಂದ ಬಡಿಯುತ್ತದೆ. ಚಾವಣಿ ಇಲ್ಲದ ಗೋಡೆಗೆ ನೀರು ತಲೆಯಿಂದಲೇ ಒಳಗೆ ಇಳಿಯುತ್ತದೆ. ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆ ಅಂದರೆ ಹೊರಗೊಂದು ಸಾಲು, ಒಳಗೊಂದು ಸಾಲು, ನಡುವೆ ಚಿಕ್ಕ ಕಲ್ಲು ಮಣ್ಣು ತುಂಬಿದ ಹೊಟ್ಟೆ. ನೀರು ಇಳಿದು ಆ ಹೊಟ್ಟೆ ಮಣ್ಣು ಕರಗಿತೋ, ಎರಡು ಸಾಲೂ ಬೇರೆಬೇರೆಯಾಗಿ ಉಬ್ಬುತ್ತವೆ. ಒಂದು ದಿನ ಏಕಾಏಕಿ ಕುಸಿಯುತ್ತವೆ. ಅದಕ್ಕೆ ಮಾಡೋ ಕೆಲಸ ಏನಪ್ಪಾ ಅಂದರೆ ಗೋಡೆ ತಲೆ ಮೇಲೆ ಸುಣ್ಣದ ಗಾರೆಯನ್ನು ಇಳಿಜಾರಾಗಿ ಕಟ್ಟೋದು. ನೀರು ನಿಲ್ಲದೆ ಹೊರಗೆ ಜಾರಬೇಕು. ಕೆಲಸ ಚೆನ್ನಾಗಿದ್ದರೆ ಕೆಳಗೆ ನಿಂತವರಿಗೆ ಕಾಣೋದೇ ಇಲ್ಲ.

ಎರಡನೇದು, ನಿಯಮ. ಹಳೇ ಜಾಗಗಳ ರಕ್ಷಣೆಗೆ ಇಡೀ ಆಸ್ಟ್ರೇಲಿಯಾ ಹಿಡಿಯೋ ಪುಸ್ತಕ ಬುರ್ರಾ ಚಾರ್ಟರ್. 1979ರಲ್ಲಿ ಬುರ್ರಾ ಅನ್ನೋ ಊರಲ್ಲಿ ಸೇರಿ ಒಪ್ಪಿದ್ದಕ್ಕೆ ಆ ಹೆಸರು. ಅದೂ ದಕ್ಷಿಣ ಆಸ್ಟ್ರೇಲಿಯಾದ ಊರೇ, ಒಂದು ಕಾಲದ ತಾಮ್ರದ ಗಣಿ. ಅದರ ತಿರುಳು ಇಷ್ಟು: ಎಷ್ಟು ಅಗತ್ಯವೋ ಅಷ್ಟೇ ಮಾಡು, ಅದಕ್ಕಿಂತ ಜಾಸ್ತಿ ಕೈ ಹಾಕಬೇಡ. ಚಾವಣಿ ಹೇಗಿತ್ತು, ತೊಲೆ ಎಷ್ಟು ದಪ್ಪ, ಕಿಟಕಿ ಹೇಗಿತ್ತು ಅನ್ನೋದಕ್ಕೆ ಗಟ್ಟಿ ಸಾಕ್ಷಿ ಇದ್ದರೆ ಮಾತ್ರ ಮತ್ತೆ ಕಟ್ಟೋ ಮಾತು. ಊಹೆ ಮೇಲೆ ಕಟ್ಟಿದರೆ ಅದು ನಮ್ಮ ಮನೆ ಆಗುತ್ತದೆ, ಅವರ ಮನೆ ಅಲ್ಲ.

ಕಾಫಿ_ಡಿಕಾಕ್ಷನ್

ಸಾರ್, ಸಿಮೆಂಟ್ ಹಾಕಿ ಗಟ್ಟಿ ಮಾಡಿದರೆ ಮುಗೀತಲ್ಲ? ಸುಣ್ಣ ಸುಣ್ಣ ಅಂತ ಯಾಕೆ ಒದ್ದಾಡಬೇಕು?

ಗಾರೆಮೇಸ್ತ್ರಿ

ಅಯ್ಯೋ, ದಯವಿಟ್ಟು ಬೇಡ. ನಮ್ಮ ತಾತನ ಮನೆ ಕಥೆ ಕೇಳಿ. ಮಣ್ಣು-ಕಲ್ಲಿನ ಗೋಡೆ, ಸುಣ್ಣದ ಗಿಲಾವು. ಎಪ್ಪತ್ತು ವರ್ಷ ಏನೂ ಆಗಿರಲಿಲ್ಲ. ಚಿಕ್ಕಪ್ಪ ಒಬ್ಬ ಕಂಟ್ರಾಕ್ಟರ್ ಮಾತು ಕೇಳಿ ಹೊರಗಡೆಯೆಲ್ಲ ಸಿಮೆಂಟ್ ಬಳಿಸಿದರು. ಎರಡೇ ಮಳೆಗಾಲ, ನಡುಮನೆ ಗೋಡೆ ಸೊಂಟದೆತ್ತರಕ್ಕೆ ಒದ್ದೆ. ಕಂಟ್ರಾಕ್ಟರ್ ಬಂದು ಇನ್ನೊಂದು ಕೋಟ್ ಬಳಿಯೋಣ ಅಂದ!

ಆಗೋದೇನು ಅಂದರೆ, ನೆಲದ ತೇವ ಗೋಡೆಯೊಳಗೆ ಮೇಲೆ ಹತ್ತುತ್ತದೆ. ಸುಣ್ಣದ ಗಾರೆಯಾದರೆ ಆ ತೇವ ಸಂದಿಯಿಂದ ಆರಿಹೋಗುತ್ತದೆ. ಸಿಮೆಂಟ್ ಅದನ್ನು ಹೊರಗೆ ಬಿಡೋದಿಲ್ಲ. ಆಗ ತೇವ ಕಲ್ಲಿನ ಮೂಲಕವೇ ಆರಬೇಕು. ನೀರು ಆರಿದ ಮೇಲೆ ಉಪ್ಪು ಉಳಿಯುತ್ತದೆ. ಆ ಉಪ್ಪು ಹರಳಾಗಿ ಹಿಗ್ಗಿ ಕಲ್ಲಿನ ಮೈಯನ್ನು ಪುಡಿಪುಡಿಯಾಗಿ ಉದುರಿಸುತ್ತದೆ. ಸಂದಿಯ ಸಿಮೆಂಟ್ ಗಟ್ಟಿಯಾಗಿ ಚಾಚಿಕೊಂಡಿರುತ್ತದೆ, ಕಲ್ಲೇ ಸವೆದು ಒಳಗೆ ಹೋಗಿರುತ್ತದೆ. ಅಡಿಲೇಡಿನ ಹಳೇ ಬಡಾವಣೆಗಳಲ್ಲಿ ಮನೆ ಕೊಂಡವರನ್ನು ಕೇಳಿ ನೋಡಿ. "ಸಾಲ್ಟ್ ಡ್ಯಾಂಪ್" ಅಂದರೆ ಅಲ್ಲಿ ಎಲ್ಲರೂ ಬೆಚ್ಚಿ ಬೀಳುತ್ತಾರೆ.

ಟಾರ್_ರೋಡ್

ನಾನೂ ಬೆಚ್ಚಿ ಬಿದ್ದವನೇ. ಮನೆ ಕೊಂಡ ವರ್ಷ ಗೋಡೆ ಬುಡ ರಿಪೇರಿಗೆ ಖರ್ಚಾದ ದುಡ್ಡಲ್ಲಿ ಮೈಸೂರಿಗೆ ನಾಲ್ಕು ಸಲ ಹೋಗಿ ಬರಬಹುದಿತ್ತು. ಆ ನೆನಪು ಬೇಡ ಬಿಡಿ.

ಬಯಲುಸೀಮೆ

ಇದನ್ನೆಲ್ಲ ರಾತ್ರಿ ಅಪ್ಪನಿಗೆ ಓದಿ ಹೇಳಿದೆ. ಗೋಡೆ ತಲೆಗೆ ಗಾರೆ ಹಾಕೋ ವಿಷಯ ಅವರಿಗೆ ಕೂಡಲೇ ತಿಳಿಯಿತು. "ನಾವು ಕುರಿ ರೊಪ್ಪದ ಗೋಡೆ ಮೇಲೆ ವರ್ಷವರ್ಷ ಮಣ್ಣಿನ ಮುದ್ದೆ ಬಡೀತೀವಲ್ಲ, ಅದೇ ತಾನೆ" ಅಂದರು. ಚಾವಣಿ ವಿಷಯದಲ್ಲಿ ಮಾತ್ರ ಇನ್ನೂ ಪಟ್ಟು ಬಿಟ್ಟಿಲ್ಲ.

ಇನ್ನೊಂದು ಹೇಳೋದು ಮರೆತಿದ್ದೆ. ಮನೆ ಸುತ್ತ ಮೊಣಕಾಲೆತ್ತರದ ಬೂದು ಬಣ್ಣದ ಗಿಡ ಇತ್ತು. ಅಪ್ಪ ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡರು. ನಾನು ಬೇಡ ಅನ್ನೋಷ್ಟರಲ್ಲಿ ಅಗಿದಾಗಿತ್ತು. "ಉಪ್ಪುಪ್ಪು. ಕುರಿ ತಿಂತಾವೆ. ಆದ್ರೆ ಇದು ಬೆಳೆಯೋ ಕಡೆ ಜೋಳ ಬೆಳೆಯಲ್ಲ. ಇಷ್ಟು ದೊಡ್ಡ ಮನೆ ಕಟ್ಟೋಕ್ ಮುಂಚೆ ಮಳೆ ಎಷ್ಟು ಅಂತ ಯಾರೂ ಕೇಳಲಿಲ್ವಾ?" ಅಂದರು.

ನೆನಪಿನ_ಓಲೆ

ನಿಮ್ಮಪ್ಪನಿಗೆ ಒಂದು ನಮಸ್ಕಾರ ಹೇಳಿ! ಆ ಎಲೆ ನೋಡಿ ಒಬ್ಬ ಸರ್ಕಾರಿ ಅಧಿಕಾರಿ ಇಡೀ ರಾಜ್ಯಕ್ಕೆ ಗೆರೆ ಎಳೆದಿದ್ದಾನೆ.

ಜಾರ್ಜ್ ಗೊಯ್ಡರ್ ಅಂತ, ಸರ್ವೇಯರ್ ಜನರಲ್. ತಮಾಷೆ ಏನಂದರೆ ಮೊದಲು ಮೋಸ ಹೋದವನೂ ಅವನೇ. 1857ರಲ್ಲಿ ಅವನು ಉತ್ತರಕ್ಕೆ ಸರ್ವೇಗೆ ಹೋದಾಗ ಮಳೆ ಬಿದ್ದಿತ್ತು. ಸಿಹಿನೀರಿನ ಸರೋವರ, ಹಸಿರು ಹುಲ್ಲು ಅಂತ ವರದಿ ಬರೆದ. ಅದನ್ನು ನಂಬಿ ಮೇಲಧಿಕಾರಿ ಫ್ರೀಲಿಂಗ್ ಅದೇ ವರ್ಷ ದೋಣಿ ಸಮೇತ ಹೋದ. ದೋಣಿ ತೇಲೋಷ್ಟು ನೀರೇ ಇಲ್ಲ, ಬರೀ ಕೆಸರು. ಗೊಯ್ಡರ್‌ಗೆ ಆಗ ಎಷ್ಟು ಮುಖಭಂಗ ಆಗಿರಬೇಕು!

ಎಂಟು ವರ್ಷ ಕಳೆದು 1865. ಬರಗಾಲ ಜೋರು. ಗುತ್ತಿಗೆದಾರರು ಬಾಡಿಗೆ ಕಟ್ಟೋಕಾಗಲ್ಲ, ರಿಯಾಯಿತಿ ಕೊಡಿ ಅಂತ ಗಲಾಟೆ. ನಿಜವಾಗಿ ಬರ ಎಲ್ಲಿವರೆಗೆ ಇದೆ, ನೋಡಿಕೊಂಡು ಬಾ ಅಂತ ಸರ್ಕಾರ ಅವನನ್ನೇ ಕಳಿಸಿತು. ಕುದುರೆ ಮೇಲೆ ಸುತ್ತಿದ. ಆಗ ಮಳೆ ಅಳೆದ ದಾಖಲೆ ಇದ್ದದ್ದೇ ಕಡಿಮೆ. ಗಿಡ ನೋಡಿದ. ಮ್ಯಾಲಿ ಅನ್ನೋ ಕುಳ್ಳ ನೀಲಗಿರಿ ಪೊದೆ ಎಲ್ಲಿ ಮುಗಿದು ಈ ಉಪ್ಪುಗಿಡ ಎಲ್ಲಿ ಶುರುವಾಗುತ್ತದೆ ಅಂತ ಗುರುತು ಹಾಕಿಕೊಂಡ. ಗೆರೆಯ ದಕ್ಷಿಣಕ್ಕೆ ಗೋಧಿ ಬಿತ್ತಬಹುದು, ಉತ್ತರಕ್ಕೆ ಮಳೆ ನಂಬಬೇಡಿ. ಈಗಿನ ಲೆಕ್ಕದಲ್ಲಿ ವರ್ಷಕ್ಕೆ 250ರಿಂದ 300 ಮಿ.ಮೀ. ಮಳೆಯ ಗೆರೆ ಅದು. ನಮ್ಮ ಚಳ್ಳಕೆರೆ ಸೀಮೆಗೂ ಅದಕ್ಕಿಂತ ಜಾಸ್ತಿ ಮಳೆ ಬೀಳುತ್ತದೆ, ಯೋಚನೆ ಮಾಡಿ. ಕನ್ಯಾಕಾ ಗೆರೆಯ ಉತ್ತರಕ್ಕೆ ಬಿತ್ತು.

ಮೂಡಲಗಾಳಿ

ಗೆರೆ ಎಳೆದ ಮೇಲಾದರೂ ಕೇಳಿದರಾ?

ನೆನಪಿನ_ಓಲೆ

ಎಲ್ಲಿ ಕೇಳ್ತಾರೆ! ಒಂಬತ್ತು ವರ್ಷ ಸುಮ್ಮನಿದ್ದರು. ನಡುವೆ ಒಳ್ಳೆ ಮಳೆ ಆಯಿತು. ಗೋಧಿ ಬೆಳೆಯೋಕೆ ಜಮೀನು ಬೇಕು ಅಂತ ಒತ್ತಾಯ ಹೆಚ್ಚಿತು. 1874ರಲ್ಲಿ ಗೆರೆ ಆಚೆಗೂ ಜಮೀನು ಮಾರಲು ಕಾನೂನೇ ಬದಲಾಯಿತು. ನೇಗಿಲು ಹೋದ ಕಡೆ ಹಿಂದೆಯೇ ಮಳೆ ಬರುತ್ತದೆ ಅಂತ ಆಗ ಒಂದು ನಂಬಿಕೆ. ಅಮೆರಿಕದಲ್ಲೂ ಇತ್ತು, ಇಲ್ಲೂ ಇತ್ತು. ದೊಡ್ಡ ಕುರಿ ಎಸ್ಟೇಟುಗಳನ್ನು ತುಂಡು ಮಾಡಿ ರೈತರಿಗೆ ಹಂಚಿದರು. ಹಾಗೆ ಕನ್ಯಾಕಾ ಮನೆ ಸುತ್ತಲಿನ ನೆಲ ಕೈಬಿಟ್ಟು ಹೋಯಿತು. 1879ರ ಕೊನೆಗೆ ಕ್ವಾರ್ನ್‌ಗೆ ರೈಲು ಬಂತು, 1880ರಲ್ಲಿ ಹಾಕರ್‌ಗೆ. ಊರುಗಳಿಗೆ ನಕ್ಷೆ ಬರೆದರು. ರೈಲು ಬರುತ್ತೆ ಅಂತ ನಂಬಿ ಸಿಮನ್ಸ್‌ಟನ್ ಅಂತ ಒಂದು ಊರನ್ನೇ ಕಟ್ಟೋಕೆ ಶುರು ಮಾಡಿದರು. ರೈಲು ಬೇರೆ ಕಡೆ ಹೋಯಿತು. ಹೋಟೆಲು, ಅಂಗಡಿಯ ಅರೆಬರೆ ಗೋಡೆಗಳು ಈಗಲೂ ನಿಂತಿವೆ.

1880ರಿಂದ ಮತ್ತೆ ಮಳೆ ಕೈಕೊಟ್ಟಿತು. ರೈತರು ಗಂಟುಮೂಟೆ ಕಟ್ಟಿದರು. ಆ ದಾರಿಯಲ್ಲಿ ಹೋಗುವಾಗ ರಸ್ತೆ ಎರಡೂ ಕಡೆ ಹೊಲದ ನಡುವೆ ಒಂಟಿ ಹೊಗೆಗೂಡು, ಎರಡು ಗೋಡೆ ಕಾಣುತ್ತವಲ್ಲ, ಅವೆಲ್ಲ ಆ ಗೋಧಿ ರೈತರ ಮನೆಗಳು. ಎಲ್ಲರೂ ಕನ್ಯಾಕಾ ಮುಂದೆ ಕಾರು ನಿಲ್ಲಿಸುತ್ತಾರೆ. ನನಗೆ ಆ ಸಣ್ಣ ಮನೆಗಳನ್ನು ನೋಡಿದಾಗಲೇ ಜಾಸ್ತಿ ಸಂಕಟ. ಯಜಮಾನ ಕುರಿ ಕಳೆದುಕೊಂಡ. ಇವರು ಸಾಲ ಮಾಡಿ ಜಮೀನು ಕೊಂಡವರು.

ಟಾರ್_ರೋಡ್

ಕ್ವಾರ್ನ್ ರೈಲು ಈಗಲೂ ಇದೆ. ಪಿಚಿ ರಿಚಿ ಅಂತ, ಹಳೇ ಉಗಿಬಂಡಿ. 1970ರ ದಶಕದಲ್ಲಿ ಊರವರು, ರೈಲಿನ ಹುಚ್ಚಿರೋರು ಸೇರಿ ಉಳಿಸಿಕೊಂಡರು. ಮಕ್ಕಳಿದ್ದರೆ ಮೊದಲು ಅದು, ಆಮೇಲೆ ಕನ್ಯಾಕಾ.

ನಮ್ಮ ಕಡೆಯ ಒಂದು ನಂಟೂ ಇದೆ. ಆ ಸೀಮೆಯ ಸಾಮಾನು ಹೊತ್ತದ್ದು ಎತ್ತಿನ ಗಾಡಿ, ಆಮೇಲೆ ಒಂಟೆ. 1866ರಲ್ಲಿ ಕರಾಚಿಯಿಂದ ನೂರಕ್ಕೂ ಹೆಚ್ಚು ಒಂಟೆ, ಜೊತೆಗೆ 31 ಜನ ಒಂಟೆಯವರನ್ನು ಹಡಗಿನಲ್ಲಿ ಪೋರ್ಟ್ ಆಗಸ್ಟಾಕ್ಕೆ ತಂದರು. ಎಲ್ಲರಿಗೂ "ಆಫ್ಘನ್" ಅಂತ ಒಂದೇ ಹಣೆಪಟ್ಟಿ. ಅವರಲ್ಲಿ ಬಲೂಚಿಗಳಿದ್ದರು, ಸಿಂಧಿಗಳಿದ್ದರು, ಆಮೇಲೆ ಪಂಜಾಬಿನವರೂ ಬಂದರು. ಅವರಿಗೆ ಇಂಥ ಕಲ್ಲುಮನೆ ಎಲ್ಲಿಂದ? ಊರಾಚೆ ತಗಡಿನ ಗುಡಿಸಲು. ಅದಕ್ಕೇ ಅವರ ಮನೆ ನೋಡೋಕೆ ಯಾರೂ ಕಾರು ನಿಲ್ಲಿಸಲ್ಲ.

ಕಾಫಿ_ಡಿಕಾಕ್ಷನ್

ಇಷ್ಟು ಕಥೆ ಗೊತ್ತಿದ್ದಿದ್ದರೆ ಮಗನಿಗೆ ಹೇಳುತ್ತಿದ್ದೆ. ಆದರೂ ನನ್ನ ಮಾತು ಪೂರ್ತಿ ವಾಪಸ್ ತಗೊಳ್ಳಲ್ಲ. ಒಂದು ಕೋಣೆಗೆ ಚಾವಣಿ ಹಾಕಿದ್ದರೆ ಏನು ಕಳೆದುಹೋಗುತ್ತಿತ್ತು?

ಗಾರೆಮೇಸ್ತ್ರಿ

ಆ ಮನೆ ಯಾಕೆ ಪಾಳುಬಿತ್ತು ಅನ್ನೋದೇ ಕಳೆದುಹೋಗುತ್ತಿತ್ತು. ಯೋಚಿಸಿ ನೋಡಿ. ನೀವು ಮಂಚ ಕುರ್ಚಿ ಇಟ್ಟು, ಅಡುಗೆಮನೆಯಲ್ಲಿ ತಾಮ್ರದ ಪಾತ್ರೆ ಜೋಡಿಸಿದರೆ ಬಂದವರು "ಅಬ್ಬಾ ಎಷ್ಟು ಚೆಂದ ಬದುಕಿದ್ದರು" ಅನ್ನುತ್ತಾರೆ. ಈಗ ಬಂದವರು "ಯಾಕೆ ಬಿಟ್ಟು ಹೋದರು" ಅಂತ ಕೇಳುತ್ತಾರೆ. ಬಯಲುಸೀಮೆ ಅವರ ಅಪ್ಪ ಕೇಳಿದ್ದೂ ಅದನ್ನೇ ಅಲ್ವಾ? ಚಾವಣಿ ಇದ್ದಿದ್ದರೆ ಅವರು ಎಲೆ ಅಗಿದು ಮಳೆ ಲೆಕ್ಕ ಹಾಕುತ್ತಿರಲಿಲ್ಲ.

ಮನೆ ಮಾಡಿ ತೋರಿಸೋದು ತಪ್ಪು ಅಂತಲ್ಲ. ಬೇರೆ ಕಡೆ ಬೇಕಾದಷ್ಟಿವೆ. ಇದೊಂದು ಹೀಗಿರಲಿ.

ಬಯಲುಸೀಮೆ

ಎಲ್ಲರಿಗೂ ಥ್ಯಾಂಕ್ಸ್. ಈ ಭಾನುವಾರ ಅಪ್ಪ ನಾನು ಇಬ್ಬರೇ ಮತ್ತೆ ಹೊರಟೆವು. ಒಂದು ದಿನದಲ್ಲಿ ಹೋಗಿ ಬರೋದು ಬುದ್ಧಿವಂತರ ಕೆಲಸ ಅಲ್ಲ, ಆದರೂ ಹೋದೆವು. ಈ ಸಲ ಹಳ್ಳದ ದಂಡೆ ಹಿಡಿದು ಮಡುವಿನವರೆಗೂ ನಡೆದೆವು. ನೀರಿತ್ತು. ಸುತ್ತ ಎಲ್ಲ ಒಣಗಿ ಬೆಂಡಾಗಿದ್ದರೂ ಬಂಡೆ ಬುಡದಲ್ಲಿ ಹಸಿರು ನೀರು ನಿಂತಿತ್ತು. ಅಪ್ಪ ಚಪ್ಪಲಿ ಬಿಟ್ಟು ಹತ್ತಿರ ಹೋದರು, ನೀರು ಮುಟ್ಟಲಿಲ್ಲ. "ಯಾರದ್ದೋ ಬಾವಿ" ಅಂದರು ಅಷ್ಟೇ.

ವಾಪಸ್ ಬರುವಾಗ ಗಾರೆಮೇಸ್ತ್ರಿ ಹೇಳಿದ್ದನ್ನು ಹುಡುಕಿದೆವು. ಒಂದು ಗೋಡೆಯ ತಲೆ ಮೇಲೆ ಗಾರೆಯ ಇಳಿಜಾರು ಕಂಡಂತೆ ಆಯಿತು. ಅಪ್ಪ ಹಿಂದೆ ಸರಿದು, ಕೈ ಹಣೆಗೆ ಅಡ್ಡ ಹಿಡಿದು ನೋಡಿ "ಕೆಲಸ ಗೊತ್ತಿರೋನು ಮಾಡಿದಾನೆ" ಅಂದರು. ಚಾವಣಿ ಮಾತು ಎತ್ತಲಿಲ್ಲ. ಒಪ್ಪಿದರೋ ಸುಸ್ತಾಗಿದ್ದರೋ ಗೊತ್ತಿಲ್ಲ.

ಕಾಫಿ_ಡಿಕಾಕ್ಷನ್

ಜುಲೈ ರಜೆಯಲ್ಲಿ ಮಗನನ್ನು ಮತ್ತೆ ಕರ್ಕೊಂಡು ಹೋಗ್ತೀನಿ. ಏನೇನು ಬೇಕು?

ಟಾರ್_ರೋಡ್

ನೀರು ಕಾರಲ್ಲಿ ಜಾಸ್ತಿ ಇಟ್ಕೊಳ್ಳಿ. ಪೆಟ್ರೋಲ್ ಕ್ವಾರ್ನ್‌ನಲ್ಲೇ ತುಂಬಿಸಿ. ಮಳೆ ಬಂದಿದ್ದರೆ ಹಳ್ಳದ ದಾರಿಗೆ ಇಳಿಯಬೇಡಿ, ಪ್ರೋಬಿ ಕಥೆ ಓದಿದ್ದೀರಲ್ಲ. ಸಂಜೆ ಮೇಲೆ ಕಾಂಗರೂ ರಸ್ತೆಗೆ ಬರುತ್ತವೆ, ನಿಧಾನ. ಗೋಡೆ ಮೇಲೆ ಮಗನನ್ನು ಹತ್ತಿಸಬೇಡಿ. ಬಿಸಿಲು ಕಾಲಕ್ಕೇ ಹೋಗ್ತೀರಿ ಅಂತಾದರೆ ಮುಖಕ್ಕೆ ಕಟ್ಟೋ ನೊಣದ ಬಲೆ ಮರೀಬೇಡಿ, ಬಾಯಿ ತೆರೆದರೆ ಒಳಗೇ ಹೋಗ್ತವೆ.